ಹಳೆಯ ಪಿಕಪ್‌ನ ಮೂಗು ಇಳಿಸುವುದು: ಮುಂದಿನ ಪಾಟಾ ಕೆಲಸ

ಜೀಪ್ ಮಾದರಿಯ ಹಳೆಯ ಪಿಕಪ್ ಇದೆ. ಒಂದು ಕಾಲಕ್ಕೆ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊತ್ತಿತ್ತು, ಈಗ ಭಾನುವಾರ ಮನೆಯವರನ್ನು ಕೂರಿಸಿಕೊಂಡು ಉಣಕಲ್ ಕೆರೆ ಕಡೆ ಹೋಗಿಬರೋಕೆ ಮಾತ್ರ. ಪೇಂಟ್ ಆಯ್ತು, ಸೀಟು ಆಯ್ತು, ಆದರೆ ಮುಂದೆ ಮಾತ್ರ ಮೂಗು ಎತ್ತಿಕೊಂಡು ನಿಂತಿದೆ, ಒಂದೆರಡು ಇಂಚು ಇಳಿದರೆ ಚೆಂದ ಅಂತ ಅನಿಸುತ್ತೆ, ಅಲ್ವಾ? ಅಂಥವರಿಗಾಗಿ ಇದು. ಇನ್ನೂ ಲೋಡ್ ಹೊರುವ ಗಾಡಿಯಾದರೆ ಸುಮ್ನೆ ಬಿಟ್ಟುಬಿಡಿ.

ಮೊದಲು ಒಂದು ಮಾತು. ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ ಜಾಸ್ತಿ ಇರೋದು ಅಮೆರಿಕದ ಶೆವ್ರೊಲೆ ಸಿ10 ತರಹದ ಪಿಕಪ್‌ಗಳು. 1963ರಿಂದ ಆ ಗಾಡಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಬಂದಿದೆ. ಅವರು ಗಿಡ್ಡ ಸ್ಪ್ರಿಂಗ್ ಹಾಕುತ್ತಾರೆ, ಇಲ್ಲವೇ ಚಕ್ರ ಕೂರುವ ಜಾಗವನ್ನೇ ಮೇಲಕ್ಕೆ ಸರಿಸಿದ ಡ್ರಾಪ್ ಸ್ಪಿಂಡಲ್ ಹಾಕುತ್ತಾರೆ. ನಮ್ಮ ಜೀಪ್ ಪಿಕಪ್‌ಗೆ ಮುಂದೆಯೂ ಕಮಾನ್ ಪಾಟಾ, ಅಂದರೆ ಬಿಲ್ಲಿನಂತೆ ಬಾಗಿದ ಸ್ಟೀಲ್ ಪಟ್ಟಿಗಳ ಕಟ್ಟು (ಒಂದೊಂದು ಪಟ್ಟಿಯೂ ಒಂದು ಎಲೆ), ನಡುವೆ ಎರಡೂ ಚಕ್ರ ಸೇರಿಸುವ ಗಟ್ಟಿ ಆಕ್ಸಲ್. ಅಲ್ಲಿಯ ಉಪಾಯ ಇಲ್ಲಿ ನಡೆಯೋದಿಲ್ಲ. ನಿಮ್ಮದು ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉದ್ದ ಸರಳು) ಇರುವ ಗಾಡಿಯಾದರೆ ಕೆಲಸ ಸುಲಭ: ಬಾರ್‌ನ ತುದಿಯಲ್ಲಿ ಅಡ್ಜಸ್ಟ್ ಮಾಡುವ ಬೋಲ್ಟ್ ಇರುತ್ತೆ, ಎರಡೂ ಕಡೆ ಸಮ ಸಡಿಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಮುಂದಿನದೆಲ್ಲ ಪಾಟಾ ಗಾಡಿಯ ಮಾತು.

ಈಗ ಟೇಪ್ ಹಿಡಿಯಿರಿ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಮುಂದಿನ ಬಂಪರ್ ಹಿಡಿದು ನಾಲ್ಕು ಸಲ ಕುಲುಕಿ ಬಿಡಿ, ಪಾಟಾ ತನ್ನ ಜಾಗಕ್ಕೆ ಬಂದು ಕೂರಲಿ. ಆಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ. ಎಡ ಬಲ ಈಗಲೇ ವ್ಯತ್ಯಾಸ ಇದ್ದರೆ ಒಂದು ಕಡೆಯ ಪಾಟಾ ಕೂತಿದೆ, ಇಲ್ಲವೇ ಎಲೆ ಮುರಿದಿದೆ ಅಂತ ಅರ್ಥ. ಅದನ್ನು ಮೊದಲು ನೋಡಿ.

ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ, ಅದನ್ನು ಯಾರೂ ತೆಗೆದುಕೊಳ್ಳೋದಿಲ್ಲ. ಆಕ್ಸಲ್ ಮೇಲೆ, ಚಾಸಿಗೆ ಅಂಟಿಕೊಂಡು ಬಂಪ್ ಸ್ಟಾಪ್ ರಬ್ಬರ್ ಇರುತ್ತೆ. ಆಕ್ಸಲ್‌ಗೂ ಆ ರಬ್ಬರಿಗೂ ನಡುವೆ ಎಷ್ಟು ಜಾಗ ಇದೆ? ಹಾಗೆಯೇ ಆಕ್ಸಲ್‌ಗೂ ಎಂಜಿನ್ ಚೇಂಬರಿಗೂ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ನಡುವೆ ಎಷ್ಟು? ಗಾಡಿ ಎಷ್ಟು ಇಳಿಯಬಹುದು ಅಂತ ಹೇಳೋದು ಈ ಎರಡು ಅಳತೆ. ಕಣ್ಣಿಗೆ ಚೆಂದ ಕಾಣೋದು ಎಷ್ಟು ಅನ್ನೋದು ಆಮೇಲಿನ ಮಾತು. ಇಳಿಸಿದ ಮೇಲೂ ರಬ್ಬರಿಗೆ 2 ಇಂಚು ಜಾಗ ಉಳಿಯಬೇಕು, ನನ್ನ ಲೆಕ್ಕ ಇದು. ಮೂರೂವರೆ ಇಂಚು ಇದ್ದರೆ ಒಂದೂವರೆ ಇಳಿಸಿ, ಸಾಕು. ರಬ್ಬರ್ ತೆಗೆದುಹಾಕಿ ಇನ್ನೂ ಇಳಿಸೋಣ ಅನ್ನುವವರ ಮಾತು ಕೇಳಬೇಡಿ, ಆಗ ಗುಂಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತೆ.

ಹಂಪ್‌ಗೆ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ) ತಗಲುತ್ತೆ ಅಂತ ಕೆಲವರು ಹೆದರುತ್ತಾರೆ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಪಾಟಾ ಇಳಿಸಿದರೆ ಆಕ್ಸಲ್ ಕೆಳಗೆ ಬರೋದಿಲ್ಲ, ಅದರ ಎತ್ತರ ಟೈರಿನ ಮೇಲೆ ನಿಂತಿದೆ. ಕೆಳಗೆ ಬರೋದು ಚಾಸಿ, ಬಂಪರ್, ಚೇಂಬರ್. ನಿಯಮದ ಪ್ರಕಾರ ಮಾಡಿದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅದು ಏನೂ ಮಾಡೋದಿಲ್ಲ. ಊರವರು ರಾತ್ರೋರಾತ್ರಿ ಹಾಕಿದ ಚೂಪು ಹಂಪ್ ಇರುತ್ತಲ್ಲ, ಅದು ಆಕ್ಸಲ್ ಅನ್ನು ಒಮ್ಮೆಲೇ ಮೇಲಕ್ಕೆ ಒದೆಯುತ್ತೆ, ಆಗಲೇ ಆ 2 ಇಂಚು ಬೇಕಾಗೋದು. ನವಲಗುಂದ, ಅಣ್ಣಿಗೇರಿ ಕಡೆ ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಇಳಿಯುವವರು ಇನ್ನೂ ಅರ್ಧ ಇಂಚು ಬಿಟ್ಟುಕೊಳ್ಳಿ. ಎರೆ ಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿಕೊಂಡರೆ ಚಕ್ರ ತಿರುಗೋದೇ ಕಷ್ಟ.

ಇಳಿಸುವ ದಾರಿಗಳು ನಾಲ್ಕು ಸಿಗುತ್ತವೆ, ಅದರಲ್ಲಿ ಒಂದೇ ನನಗೆ ಒಪ್ಪಿಗೆ. ಒಂದು ಎಲೆ ತೆಗೆಯೋದು ಎಲ್ಲರೂ ಹೇಳುವ ಅಗ್ಗದ ದಾರಿ. ಒಂದೇ ದಪ್ಪದ 7 ಎಲೆಯಲ್ಲಿ ಒಂದು ತೆಗೆದರೆ ಸುಮಾರು ಏಳನೇ ಒಂದು ಪಾಲು ಬಿಗಿ ಹೋಗುತ್ತೆ, ಗಾಡಿ ಇಳಿಯುತ್ತೆ, ಜೊತೆಗೆ ಬ್ರೇಕ್ ಹಾಕಿದಾಗ ಮೂಗು ಜಾಸ್ತಿ ಕುಸಿಯುತ್ತೆ. ಜಾಗ ಕಡಿಮೆ ಮಾಡಿದ ಮೇಲೆ ಪಾಟಾ ಮೆತ್ತಗೂ ಮಾಡೋದು ಉಲ್ಟಾ ಕೆಲಸ. ತೆಗೆಯಲೇಬೇಕಾದರೂ ಮೇನ್ ಎಲೆ (ಎಲ್ಲಕ್ಕಿಂತ ಉದ್ದದ್ದು), ಅದರ ಪಕ್ಕದ ಎರಡನೇ ಎಲೆ ಮುಟ್ಟಬೇಡಿ. ಎರಡನೇ ದಾರಿ ಬ್ಲಾಕ್ ಇಡೋದು. ಆಕ್ಸಲ್ ಪಾಟಾದ ಮೇಲೆ ಕೂತಿದ್ದರೆ ನಡುವೆ ಬ್ಲಾಕ್ ಇಟ್ಟಾಗ ಗಾಡಿ ಇಳಿಯುತ್ತೆ, ಆಕ್ಸಲ್ ಪಾಟಾದ ಕೆಳಗಿದ್ದರೆ ಅದೇ ಬ್ಲಾಕ್ ಗಾಡಿಯನ್ನು ಏರಿಸುತ್ತೆ, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ. ಆದರೆ ಬ್ರೇಕಿನ ಹೆಚ್ಚು ಜೋರು ಬೀಳೋದು ಮುಂದಿನ ಆಕ್ಸಲ್ ಮೇಲೆ, ಅಲ್ಲಿ ಬ್ಲಾಕ್ ಇಟ್ಟರೆ ಆಕ್ಸಲ್ ತಿರುಚಿಕೊಳ್ಳುತ್ತೆ, ಪಾಟಾವನ್ನು ಆಕ್ಸಲ್ಲಿಗೆ ಕಟ್ಟಿ ಹಿಡಿಯುವ ಯು ಬೋಲ್ಟ್ ಸಡಿಲ ಆಗುತ್ತೆ. ಮುಂದೆ ಬ್ಲಾಕ್ ಬೇಡವೇ ಬೇಡ. ಮೂರನೇದು ಶಕಲ್ (ಪಾಟಾದ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಗಿಡ್ಡ ಮಾಡೋದು, 1 ಇಂಚು ಕಡಿಮೆ ಮಾಡಿದ್ದಕ್ಕೆ ಗಾಡಿ ಇಳಿಯೋದು ಅರ್ಧ ಇಂಚು ಅಷ್ಟೇ.

ಉಳಿದಿದ್ದು ಕಮಾನ್ ಇಳಿಸೋದು, ಅಂದರೆ ಎಲೆಗಳ ಬಾಗು ಕಡಿಮೆ ಮಾಡಿಸೋದು. ಪಾಟಾದ ಬಿಗಿ ಹಾಗೇ ಉಳಿಯುತ್ತೆ, ಎತ್ತರ ಮಾತ್ರ ಇಳಿಯುತ್ತೆ. ಲಾರಿ ಕಮಾನ್ ಕೆಲಸದವರು ಹುಬ್ಬಳ್ಳಿ, ಗದಗ, ರಾಣೆಬೆನ್ನೂರಿನಲ್ಲೆಲ್ಲ ಸಿಗುತ್ತಾರೆ. ಅವರಿಗೆ ಮೊದಲೇ ಹೇಳಿ: "ಅಣ್ಣಾ, ಗ್ಯಾಸ್ ಹಚ್ಚಬ್ಯಾಡ್ರಿ, ತಣ್ಣಗ ಬಡೀರಿ." "ಏನ್ ಆಗೂದಿಲ್ರಿ ಸರ್" ಅಂತಾರೆ. ಆಗುತ್ತೆ. ಪಾಟಾದ ಸ್ಟೀಲಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಕಾಯಿಸಿ ಗಡಸುತನ ಕೊಟ್ಟಿರುತ್ತಾರೆ. ಒಂದೇ ಜಾಗಕ್ಕೆ ಗ್ಯಾಸ್ ಹಿಡಿದು ಕೆಂಪಗೆ ಮಾಡಿದರೆ ಆ ಜಾಗ ಮೆತ್ತಗಾಗುತ್ತೆ, ಸ್ವಲ್ಪ ದಿನಕ್ಕೆ ಕೂತುಬಿಡುತ್ತೆ ಅಥವಾ ಅಲ್ಲೇ ಮುರಿಯುತ್ತೆ. ತಣ್ಣಗೆ, ಅಂಗುಲ ಅಂಗುಲ ಸರಿಸಿಕೊಂಡು ಒತ್ತಬೇಕು. ಮೇನ್ ಎಲೆ ಒಂದನ್ನೇ ಚಪ್ಪಟೆ ಮಾಡಿ ಕಳಿಸುವವರೂ ಇದ್ದಾರೆ. ಎಲ್ಲ ಎಲೆಯೂ ಇಳಿಯಬೇಕು. ಕೆಳಗಿನ ಗಿಡ್ಡ ಎಲೆಗೆ ಮೇಲಿನದಕ್ಕಿಂತ ಚೂರು ಜಾಸ್ತಿ ಬಾಗು ಇರಬೇಕು, ಆಗಲೇ ಕಟ್ಟಿದ ಮೇಲೆ ಎಲೆಗಳು ಒಂದಕ್ಕೊಂದು ಅಪ್ಪಿ ಕೂರುತ್ತವೆ. ಎಡ, ಬಲ ಪಾಟಾ ಎರಡರ ಬಾಗೂ ಸಮ ಇದೆಯಾ ಅಂತ ಅಳೆದೇ ತನ್ನಿ.

ಬಿಚ್ಚುವ ಕೆಲಸ ಮನೆಯಲ್ಲೇ ಆಗುತ್ತೆ. ಹಿಂದಿನ ದಿನವೇ ಯು ಬೋಲ್ಟ್ ನಟ್ಟಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟಿಗೆ ಅಡ್ಡ ಕೊಡಿ, ಮುಂದೆ ಎತ್ತಿ ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ, ಆಕ್ಸಲ್ ಕೆಳಗೆ ಇನ್ನೊಂದು ಜಾಕ್. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಇಟ್ಟಿಗೆ ಅಂತೂ ಬೇಡವೇ ಬೇಡ. ಚಕ್ರ, ಶಾಕ್ ಅಬ್ಸಾರ್ಬರಿನ ಕೆಳಗಿನ ನಟ್, ಯು ಬೋಲ್ಟ್, ಆಮೇಲೆ ಶಕಲ್ ಮತ್ತು ಪಿನ್, ಈ ವರಸೆಯಲ್ಲಿ ಬಿಚ್ಚಿ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ, ಇಲ್ಲಾಂದ್ರೆ ಆಕ್ಸಲ್ ತನ್ನಿಷ್ಟದಂತೆ ತಿರುಗಿ ನಿಲ್ಲುತ್ತೆ. ಎಲೆಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವಾಗ ಎಲೆಗಳು ಸಿಡಿಯುತ್ತವೆ, ಎರಡು ಸಿ ಕ್ಲ್ಯಾಂಪ್ ಹಾಕಿ ನಿಧಾನ ಬಿಡಿ.

ಕೂರಿಸುವಾಗ ಯು ಬೋಲ್ಟ್, ನಟ್ ಹೊಸವೇ ಹಾಕಿ, ಹಳೆಯದರ ಥ್ರೆಡ್ ಎಳೆದುಕೊಂಡಿರುತ್ತೆ. ಬುಷ್ ಸವೆದಿದ್ದರೆ ಈಗಲೇ ಬದಲಿಸಿ. ರಬ್ಬರ್ ಬುಷ್ ಇದ್ದರೆ ಶಕಲ್ ನಟ್ ಪೂರ್ತಿ ಬಿಗಿಯೋದು ಗಾಡಿ ಚಕ್ರದ ಮೇಲೆ ನಿಂತ ಮೇಲೆ, ಗಾಳಿಯಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಗ್ರೀಸ್ ನಿಪ್ಪಲ್ ಇರುವ ಬುಷ್‌ಗೆ ಆ ತೊಂದರೆ ಇಲ್ಲ, ಗ್ರೀಸ್ ಹೊಡೆದರೆ ಆಯ್ತು. ಇನ್ನೊಂದು, ಬಾಗು ಕಡಿಮೆಯಾದ ಪಾಟಾ ಉದ್ದ ಆಗುತ್ತೆ, ಹಾಗಾಗಿ ಶಕಲ್ ಹೊರಗೆ ವಾಲುತ್ತೆ. ಅದು ಅಡ್ಡ ಮಲಗಿಬಿಟ್ಟಿದ್ದರೆ ನೀವು ಜಾಸ್ತಿ ಇಳಿಸಿದ್ದೀರಿ.

ಗಾಡಿ ಇಳಿಯಿತು ಅಂತ ಇಲ್ಲಿಗೆ ನಿಲ್ಲಿಸುವವರೇ ಬಹಳ. ಸ್ಟೇರಿಂಗ್ ಕೆಲಸ ಇನ್ನೂ ಬಾಕಿ ಇದೆ. ಮೂಗು ಬಗ್ಗಿದರೆ ಆಕ್ಸಲ್ ಕೂಡ ಮುಂದಕ್ಕೆ ಬಾಗುತ್ತೆ, ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ಸ್ಟೇರಿಂಗಿಗೆ ತಿರುಗುವ ಪಿನ್ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತೆ. ಹಿಂದಿನ ಮುಂದಿನ ಚಕ್ರದ ನಡುವೆ 100 ಇಂಚು ಇರುವ ಗಾಡಿ 2 ಇಂಚು ಇಳಿದರೆ ಒಂದು ಡಿಗ್ರಿಗಿಂತ ಚೂರು ಜಾಸ್ತಿ ವ್ಯತ್ಯಾಸ. ಸಣ್ಣದು ಅನಿಸುತ್ತೆ, ಆದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರೋದಿಲ್ಲ, ಬೈಪಾಸಿನಲ್ಲಿ ಲಾರಿ ಪಕ್ಕದಿಂದ ಹೋದರೆ ಗಾಡಿ ಅಲೆದಾಡುತ್ತೆ. ಪಾಟಾ ಮತ್ತು ಆಕ್ಸಲ್ ನಡುವೆ ಬೆಣೆ ಆಕಾರದ ತೆಳು ಕಬ್ಬಿಣದ ಶಿಮ್ ಹಾಕಿ ಇದನ್ನು ಸರಿಮಾಡಬೇಕು. ಆಕ್ಸಲ್ ಪಾಟಾದ ಮೇಲಿದ್ದರೆ ಶಿಮ್‌ನ ದಪ್ಪ ಕಡೆ ಮುಂದಕ್ಕೆ, ಕೆಳಗಿದ್ದರೆ ದಪ್ಪ ಕಡೆ ಹಿಂದಕ್ಕೆ. ಶಿಮ್ ಕಬ್ಬಿಣದ್ದೇ ಇರಲಿ, ಜಾರದಂತೆ ಸೆಂಟರ್ ಬೋಲ್ಟ್ ಅದರ ತೂತಿನಲ್ಲಿ ಹಾದುಹೋಗಲಿ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ರಾಡ್, ಅಂದರೆ ಡ್ರ್ಯಾಗ್ ಲಿಂಕ್, ಅದರ ಕೋನ ಬದಲಾಗಿ ಸ್ಟೇರಿಂಗ್ ಚಕ್ರ ಒಂದು ಕಡೆ ವಾಲಿ ನಿಂತಿರುತ್ತೆ, ಅದನ್ನು ಲಿಂಕ್‌ನಲ್ಲೇ ಅಡ್ಜಸ್ಟ್ ಮಾಡಿ, ಆಮೇಲೆ ಟೋ ಇನ್ (ಮುಂದಿನ ಎರಡು ಚಕ್ರ ಎಷ್ಟು ಒಳಮುಖವಾಗಿವೆ ಅನ್ನೋ ಅಳತೆ) ನೋಡಿಸಿ.

ಶಾಕ್ ಅಬ್ಸಾರ್ಬರ್ ಮೊದಲೇ ಒಳಗೆ ಕೂತಂತಾಗುತ್ತೆ. ಆಕ್ಸಲ್ ಬಂಪ್ ಸ್ಟಾಪಿಗೆ ಮುಟ್ಟುವ ಮೊದಲೇ ಶಾಕ್ ಪೂರ್ತಿ ಮುಚ್ಚಿಕೊಂಡರೆ ಅದು ಒಡೆಯುತ್ತೆ, ಗಿಡ್ಡದು ಹಾಕಿಸಿ. ಸ್ಟೇರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಟೈರು, ಬ್ರೇಕ್ ಹೋಸ್ ಎಲ್ಲೂ ಉಜ್ಜದಂತೆ ನೋಡಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜಾಯಿಂಟ್‌ನಲ್ಲಿ ಇನ್ನೂ ಜಾಗ ಇದೆಯಾ ಅಂತಲೂ ನೋಡಿ. ಹೆಡ್‌ಲೈಟ್ ಈಗ ನೆಲ ನೋಡುತ್ತಿರುತ್ತೆ, ಮೇಲಕ್ಕೆ ತಿರುಗಿಸಿ.

ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಚಾಸಿ ಕತ್ತರಿಸೋದು, ಆಕ್ಸಲ್ ಬದಲಿಸೋದು ಇದೆಲ್ಲ ತಲೆನೋವು. 15 ವರ್ಷ ದಾಟಿದ ಖಾಸಗಿ ಗಾಡಿ 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಲೇಬೇಕು, ಹಾಗಾಗಿ ಕೆಲಸಕ್ಕೆ ಕೈಹಾಕುವ ಮುಂಚೆ ಅಲ್ಲೇ ಒಮ್ಮೆ ಕೇಳಿಬಿಡೋದು ಒಳ್ಳೆಯದು.

ಮೊದಲ ಓಟ ಖಾಲಿ ಗಾಡಿಯಲ್ಲಿ, ನಿಧಾನ. ಗದಗ ರಸ್ತೆಯಲ್ಲಿ ಅಣ್ಣಿಗೇರಿವರೆಗೆ ಹೋಗಿ ಬನ್ನಿ. ಬಂದ ಮೇಲೆ ಯು ಬೋಲ್ಟ್ ನಟ್ಟಿಗೆ ಪಾನಾ ಹಾಕಿ ನೋಡಿ, ಒಂದಿಷ್ಟು ತಿರುಗೇ ತಿರುಗುತ್ತೆ. ಕೆಲವು ನೂರು ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ಬಿಗಿಯಿರಿ, ಮೊದಲ ದಿನ ಬರೆದಿಟ್ಟ ಅಳತೆಯನ್ನೂ ಆಗಲೇ ಮತ್ತೆ ಹಿಡಿಯಿರಿ. ಪಾಟಾ ಇನ್ನೂ ಕಾಲು ಇಂಚು ಕೂತಿದ್ದರೆ ಗಾಬರಿ ಬೇಡ, ಎರಡೂ ಕಡೆ ಸಮ ಕೂತಿದೆಯಾ ಅನ್ನೋದನ್ನು ನೋಡಿ.