ಗಾಜು ಮೂಳೆಗೆ ಬೆಸೆಯುವ ಬಗೆಯನ್ನು ಪ್ರಯೋಗಾಲಯದಲ್ಲಿ ನೋಡುವುದು ಹೇಗೆ?

ಬಳ್ಳಾರಿಯ ನಮ್ಮ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಶುರುವಾದರೆ, ಯಾವುದಾದರೂ ಒಂದು ತಂಡದ ಕೃತಕ ದೇಹದ್ರವ (ಗಾಜನ್ನು ಮುಳುಗಿಸಿ ನೋಡಲು, ರಕ್ತದ ದ್ರವಭಾಗದ ಲವಣಗಳನ್ನು ಹೋಲುವಂತೆ ತಯಾರಿಸುವ ದ್ರವ) ಹಾಲಿನಂತೆ ಬೆಳ್ಳಗಾಗಿ ಸಿಂಕಿನ ಪಾಲಾಗುತ್ತದೆ. ಜೈವಿಕ ಕ್ರಿಯಾಶೀಲ ಗಾಜನ್ನು, ಅಂದರೆ ಮೂಳೆಗೆ ಬೆಸೆಯಬಲ್ಲ ಗಾಜನ್ನು, ಸಿದ್ಧಪಡಿಸುವಾಗ ಯಾರೂ ಅಷ್ಟಾಗಿ ಎಡವುವುದಿಲ್ಲ. ಎಡವುವುದು ಈ ದ್ರವದಲ್ಲಿ.

ಗಾಜಿಗೆ 45ಎಸ್5 ಎಂಬ ಬಗೆ ಸಾಕು. ಇದು 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ರೂಪಿಸಿದ್ದು. ಬಿಲ್ಲೆ ಮಾಡಿ, ಉಜ್ಜಿ, ಅಸಿಟೋನಿನಲ್ಲಿ ತೊಳೆದು ಒಣಗಿಸಿ.

ಇನ್ನು ದ್ರವ. 1 ಲೀಟರ್ ದ್ರವಕ್ಕೆ ಸುಮಾರು 700 ಮಿ.ಲೀ. ಶುದ್ಧ ನೀರನ್ನು ಪ್ಲಾಸ್ಟಿಕ್ ಬೀಕರಿನಲ್ಲಿ ತೆಗೆದುಕೊಂಡು 36.5 ಡಿಗ್ರಿಯಲ್ಲಿಡಿ. ಗಾಜಿನ ಬೀಕರ್ ಬೇಡವೇ ಬೇಡ, ಅದರ ಗೀರುಗಳ ಮೇಲೆಯೇ ಲವಣ ಕೂರುತ್ತದೆ. ನೀರಿನಲ್ಲಿ ಚೌಕಾಸಿ ಮಾಡಬೇಡಿ: ನಮ್ಮ ಬೋರ್‌ವೆಲ್ ನೀರು ಗಡಸು, ಬ್ಯಾಟರಿಗೆ ಹಾಕುವ ನೀರಿನ ಶುದ್ಧತೆಯನ್ನೂ ನಾನು ನಂಬುವುದಿಲ್ಲ. 8.035 ಗ್ರಾಂ ಸೋಡಿಯಂ ಕ್ಲೋರೈಡ್‌ನಿಂದ ಆರಂಭಿಸಿ, ಸೋಡಿಯಂ ಬೈಕಾರ್ಬೊನೇಟ್, ಪೊಟ್ಯಾಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಫಾಸ್ಫೇಟ್, ಮೆಗ್ನೀಸಿಯಂ ಕ್ಲೋರೈಡ್ ಇವುಗಳನ್ನು ಇದೇ ಕ್ರಮದಲ್ಲಿ, ಹಿಂದಿನದು ಪೂರ್ತಿ ಕರಗಿದ ಮೇಲೆಯೇ ಹಾಕಬೇಕು. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ; ಅದರ ನಂತರವೇ ಕ್ಯಾಲ್ಸಿಯಂ ಕ್ಲೋರೈಡ್, ಕೊನೆಗೆ ಸೋಡಿಯಂ ಸಲ್ಫೇಟ್. ಆಮ್ಲಕ್ಕೆ ಮೊದಲು ಕ್ಯಾಲ್ಸಿಯಂ ಹಾಕಿದರೆ ಅದು ಫಾಸ್ಫೇಟಿನ ಜೊತೆ ಕೂಡಿ ತಳ ಸೇರುತ್ತದೆ.

ಪಿ.ಎಚ್. (ಆಮ್ಲ-ಕ್ಷಾರದ ಅಳತೆ) ಏರಿಸಿ ಹಿಡಿದಿಡುವ ಟ್ರಿಸ್ ಪುಡಿಯನ್ನು ಹಾಕುವಾಗ ಅವಸರ ಸಲ್ಲದು. ಒಮ್ಮೆಗೇ ಸುರಿದರೆ, ಬಿದ್ದ ಜಾಗದಲ್ಲಿ ಪಿ.ಎಚ್. ಜಿಗಿದು ಬಿಳಿ ಮೋಡವೇಳುತ್ತದೆ. ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ 7.45ರ ವರೆಗೆ ಏರಿಸಿ, ಆಮ್ಲದ ಹನಿಗಳಿಂದ 7.40ಕ್ಕೆ ಇಳಿಸಿ, ನೀರು ಸೇರಿಸಿ 1 ಲೀಟರ್ ಮಾಡಿ. ಕಲಕಿದರೆ ಸರಿಹೋದೀತೆಂದು ಮಸುಕಾದ ದ್ರವವನ್ನು ಉಳಿಸಿಕೊಳ್ಳುವವರಿದ್ದಾರೆ. ಅದನ್ನು ಚೆಲ್ಲುವುದೇ ಸರಿ. ತಿಳಿಯಾದ ದ್ರವವನ್ನು ಫ್ರಿಜ್ಜಿನಲ್ಲಿಟ್ಟು 30 ದಿನಗಳೊಳಗೆ ಬಳಸಿ.

ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮುಳುಗಿಸಿ, ಮೇಲ್ಮುಖವಾಗಿಟ್ಟರೆ ಮೇಲಿನಿಂದ ಬಿದ್ದ ಕೆಸರೂ ಗಾಜಿನ ಮೇಲೆ ಬೆಳೆದ ಪದರವೆಂದೇ ಲೆಕ್ಕವಾಗುತ್ತದೆ. ಮುಳುಗಿಸಿದ ಮೇಲೆ ಗಾಜಿನ ಸೋಡಿಯಂ ಹೊರಬಂದು ನೀರಿನ ಹೈಡ್ರೋಜನ್ ಅಯಾನು ಒಳಸೇರುತ್ತದೆ, ಸುತ್ತಲಿನ ದ್ರವ ಕ್ಷಾರೀಯವಾಗುತ್ತದೆ, ಮೇಲ್ಮೈಯಲ್ಲಿ ಸಿಲಿಕಾದ ಜೆಲ್ ಪದರ ಉಂಟಾಗುತ್ತದೆ. ಅದರ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಕೂಡಿ, ಕಾರ್ಬೊನೇಟನ್ನೂ ಎಳೆದುಕೊಂಡು, ಮೂಳೆಯ ಖನಿಜವನ್ನೇ ಹೋಲುವ ಅಪಟೈಟ್ ಹರಳುಗಳಾಗುತ್ತವೆ. ದೇಹದಲ್ಲಾದರೆ ಈ ಪದರದೊಳಗೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಸಿಕ್ಕಿಕೊಂಡು ಮೂಳೆಕೋಶಗಳು ಬಂದು ನೆಲೆಸುತ್ತವೆ. ಬಾಟಲಿಯಲ್ಲಿ ಕೋಶವೂ ಇಲ್ಲ, ಪ್ರೋಟೀನೂ ಇಲ್ಲ. ಆದ್ದರಿಂದ ವರದಿಯಲ್ಲಿ ‘ಮೂಳೆಗೆ ಬೆಸೆಯಿತು’ ಎಂದು ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ.

ಗಾಜು ಹಾಕದ ಇನ್ನೊಂದು ಬಾಟಲಿ ದ್ರವವನ್ನು ಪಕ್ಕದಲ್ಲೇ ಇಡಿ. ಅದೂ ಮಸುಕಾದರೆ, ಬಿಲ್ಲೆಯ ಮೇಲೆ ಎಷ್ಟೇ ಚೆಂದದ ಪದರ ಕಂಡರೂ ಅದು ಗಾಜಿನ ಕೆಲಸವೆನ್ನಲು ಬಾರದು.