ತೊದಲುವ ಮಗುವಿಗೆ ವಾಕ್ ಚಿಕಿತ್ಸೆ: ಶಾಲೆ ಎಲ್ಲಿಂದ ಆರಂಭಿಸಬೇಕು?

ಒಂದನೆಯ ತರಗತಿಯ ಮಗುವೊಂದು ‘ಕಾಗೆ’ಯನ್ನು ‘ತಾದೆ’ ಎನ್ನುತ್ತಿದ್ದರೆ, ದೊಡ್ಡವನಾದ ಮೇಲೆ ತಾನಾಗಿ ಸರಿಹೋಗುತ್ತದೆಂದು ಬಿಟ್ಟುಬಿಡುವುದೇ ಹೆಚ್ಚು. ಕ, ಗ ಧ್ವನಿಗಳು ಸಾಮಾನ್ಯವಾಗಿ ಶಾಲೆಗೆ ಸೇರುವ ಮೊದಲೇ ಮಕ್ಕಳಿಗೆ ಒಲಿದಿರುತ್ತವೆ. ಆಮೇಲೂ ಉಳಿದ ಇಂಥ ತೊದಲನ್ನು ತಜ್ಞರಿಗೆ ತೋರಿಸಬೇಕು.

ಅದಕ್ಕೆ ಮೊದಲು, ಮಗು ಹೇಳಹೊರಟದ್ದೇನು, ಬಾಯಿಂದ ಬಂದದ್ದೇನು ಎಂಬುದನ್ನು ಶಿಕ್ಷಕರು ಎರಡು ವಾರ ಹಾಗೆಯೇ ಬರೆದಿಡಬೇಕು. ಇಲ್ಲಿ ಎಚ್ಚರ ಅಗತ್ಯ. ಹಳೇ ಮೈಸೂರು ಭಾಗದ ಮಗು ‘ಹಾಲು’ ಎನ್ನಲು ‘ಆಲು’ ಎಂದರೆ ಅದು ಮನೆಯ ಆಡುನುಡಿಯೇ ಹೊರತು ದೋಷವಲ್ಲ. ಮನೆಮಾತು ಲಂಬಾಣಿಯೋ ಉರ್ದುವೋ ಆಗಿದ್ದರೆ, ಆ ಭಾಷೆಯಲ್ಲೂ ತೊಡಕಿದೆಯೇ ಎಂದು ಹೆತ್ತವರನ್ನು ವಿಚಾರಿಸಬೇಕು. ತೊಡಕು ಕನ್ನಡದಲ್ಲಿ ಮಾತ್ರವಿದ್ದರೆ ಮಗುವಿಗೆ ಬೇಕಿರುವುದು ಕಲಿಯುವ ಕಾಲಾವಕಾಶ. ಮನೆಮಾತನ್ನು ಬಿಡಿಸಿ ಎಂಬ ಸಲಹೆಯನ್ನಂತೂ ಕೊಡಲೇಬಾರದು.

ಎರಡನೆಯದು ಶ್ರವಣ ಪರೀಕ್ಷೆ. ಕೇಳದ ಧ್ವನಿಯನ್ನು ನುಡಿಯುವುದು ಕಷ್ಟವಾದ್ದರಿಂದ ಇದನ್ನು ಬಿಟ್ಟು ಮುಂದುವರಿಯಬಾರದು. ಮಕ್ಕಳ ಆರೋಗ್ಯ ತಪಾಸಣೆ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಬರೆದಿಟ್ಟ ಪಟ್ಟಿಯನ್ನು ತೋರಿಸಬಹುದು. ತಾಲ್ಲೂಕಿನ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನೂ (ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವವರು) ಕೇಳಬಹುದು. ಪರೀಕ್ಷೆ, ಚಿಕಿತ್ಸೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ‘ಕಲೆ’, ‘ತಲೆ’ ಎಂಬಂಥ ಜೋಡಿಗಳಲ್ಲಿ ವ್ಯತ್ಯಾಸ ಕೇಳಿಸಿಕೊಳ್ಳುವುದನ್ನು ಕಲಿಸಿ, ಬಳಿಕ ‘ಕ’ ಧ್ವನಿಯನ್ನು ಒಂಟಿಯಾಗಿ, ಆಮೇಲೆ ‘ಅಕ’, ‘ಇಕ’ ಎಂದು, ನಂತರ ಪದದಲ್ಲಿ, ವಾಕ್ಯದಲ್ಲಿ, ಕೊನೆಗೆ ಸಹಜ ಮಾತಿನಲ್ಲಿ ರೂಢಿಸುತ್ತಾರೆ. ವಾರಕ್ಕೊಮ್ಮೆ ತಜ್ಞರ ಬಳಿ ಕುಳಿತರಷ್ಟೇ ಇದು ರೂಢಿಯಾಗದು; ತರಗತಿಯಲ್ಲೂ ಮನೆಯಲ್ಲೂ ದಿನವೂ ಕೆಲವು ನಿಮಿಷ ಬೇಕು. ಎಲ್ಲರೆದುರು ನಿಲ್ಲಿಸಿ ಮತ್ತೆ ಮತ್ತೆ ಹೇಳಿಸುವ ಬದಲು, ಮಗು ‘ತಾದೆ ಹೋಯ್ತು’ ಎಂದಾಗ ‘ಹೌದು, ಕಾಗೆ ಹೋಯ್ತು’ ಎಂದು ಸರಿಯಾದ ರೂಪವನ್ನು ಕಿವಿಗೆ ಹಾಕಿದರೆ ಸಾಕು.

ಉಗ್ಗುವ ವಿದ್ಯಾರ್ಥಿಯ ವಿಷಯ ಬೇರೆ. ಅವನ ವಾಕ್ಯವನ್ನು ನಾವು ಮುಗಿಸಬಾರದು, ‘ನಿಧಾನವಾಗಿ ಹೇಳು’ ಎಂದು ಒತ್ತಾಯಿಸಲೂಬಾರದು. ಗುಂಪಿನೊಡನೆ ದನಿಗೂಡಿಸಿ ಓದುವಾಗ ಉಗ್ಗು ಬಹಳ ಮಕ್ಕಳಲ್ಲಿ ಕಡಿಮೆಯಾಗುವುದರಿಂದ, ಗಟ್ಟಿ ಓದಿಗೆ ಅಲ್ಲಿಂದಲೇ ಆರಂಭಿಸಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಯೂ ಸೇರಿದೆ. ತೀವ್ರ ತೊಂದರೆಯಿರುವ ಮಗುವಿಗೆ ವೈಕಲ್ಯದ ಪ್ರಮಾಣಪತ್ರ ಬೇಕಾದರೆ ಪರೀಕ್ಷೆ ಹತ್ತಿರವಾಗುವ ಮುನ್ನವೇ ಅರ್ಜಿ ಹಾಕಿಸಬೇಕು.

ಕೆಲವು ತಿಂಗಳಿಗೊಮ್ಮೆ ಮೊದಲಿನ ಪಟ್ಟಿಯ ಪದಗಳನ್ನೇ ಮತ್ತೆ ಹೇಳಿಸಿ ನೋಡಬೇಕು. ಅಭ್ಯಾಸದ ಪದಗಳು ಸರಿಯಾಗಿದ್ದೂ ಆಟದ ಬಯಲಿನ ಮಾತಿನಲ್ಲಿ ಹಳೆಯ ಧ್ವನಿಯೇ ಮರಳುತ್ತಿದ್ದರೆ ಚಿಕಿತ್ಸೆಯನ್ನು ಇನ್ನೂ ನಿಲ್ಲಿಸುವಂತಿಲ್ಲ.