ಗುಂಡು ಹಾರಿಸಿದ ಮೇಲಿನ ಕೆಲಸ

ಠಾಣೆಯಿಂದ ಪಿಸ್ತೂಲು ತೆಗೆದುಕೊಂಡು ಹೊರಡುವಾಗ ನಾನು ದಾಖಲೆ ಬರೆಯುವ ರೈಟರ್ ಎದುರಿಗೇ ಗುಂಡು ಎಣಿಸಿ ಸ್ಟೇಷನ್ ಡೈರಿಯಲ್ಲಿ ಬರೆಸುತ್ತಿದ್ದೆ. ಕಲಬುರಗಿಯಲ್ಲಿ ಪಿಎಸ್‌ಐ ಆಗಿದ್ದಾಗ ಒಂದು ರಾತ್ರಿ ಆ ಲೆಕ್ಕ ಕೆಲಸಕ್ಕೆ ಬಂತು.

ಆಳಂದ ರಸ್ತೆ ಬದಿಯ ಹೊಲದಲ್ಲಿ ದರೋಡೆ ಕೇಸಿನ ಆರೋಪಿಯನ್ನು ಹಿಡಿಯಲು ಹೋಗಿದ್ದೆವು. ಅವನು ನಮ್ಮ ಕಾನ್‌ಸ್ಟೆಬಲ್ ಕೈಗೆ ಮಚ್ಚು ಬೀಸಿದ. ಶರಣಾಗು ಅಂತ ಕೂಗಿ ಮೇಲಕ್ಕೊಂದು ಗುಂಡು ಹಾರಿಸಿದೆ. ಮತ್ತೆ ಮಚ್ಚು ಎತ್ತಿದಾಗ ಕಾಲಿಗೆ ಹೊಡೆದೆ. ಗಾಯವಾದ ಇಬ್ಬರನ್ನೂ ಮೊದಲು ಆಸ್ಪತ್ರೆಗೆ ಕಳಿಸಿದೆವು.

ಹಾರಿಸಿದ ಎರಡು ಗುಂಡುಗಳ ಖಾಲಿ ಕವಚಗಳಲ್ಲಿ ಒಂದು ಟಾರ್ಚ್ ಬೆಳಕಿಗೇ ಸಿಕ್ಕಿತು. "ಇನ್ನೊಂದು ಸಿಗವಲ್ದ್ರಿ ಸರ್, ಮುಂಜಾನೆ ನೋಡಮು" ಅಂದರು ಹವಾಲ್ದಾರ್. ಯಾರೂ ತುಳಿಯದ ಹಾಗೆ ಕಾವಲು ಹಾಕಿದೆ. ಬೆಳಗ್ಗೆ ತೊಗರಿ ಕೂಳೆಗಳ ನಡುವೆ, ಎರೆಮಣ್ಣಿನ ಬಿರುಕಿನೊಳಗೆ ಹಿತ್ತಾಳೆ ಕಾಣಿಸಿತು. ಸಾಕ್ಷಿಗಳ ಎದುರು ಸ್ಥಳದ ದಾಖಲೆ ಮಾಡುವ ಪಂಚನಾಮೆ ಮಾಡಿದ್ದು ನಾನಲ್ಲ, ಬೇರೆ ಠಾಣೆಯ ಅಧಿಕಾರಿ. ಅಳತೆ ಹಿಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲ್ ಹಾಕಿದರು. ಪಿಸ್ತೂಲು, ಉಳಿದ ಗುಂಡುಗಳನ್ನೂ ಅವರಿಗೇ ಒಪ್ಪಿಸಿದೆ. ಹಾರಿಸಿದವನೇ ತನಿಖೆ ಮಾಡಿದರೆ ಯಾರು ನಂಬುತ್ತಾರೆ? ಎನ್‌ಕೌಂಟರ್‌ನಲ್ಲಿ ಸಾವಾದರೆ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಆಯುಧ ಪರೀಕ್ಷೆಗೆ ಒಪ್ಪಿಸಬೇಕು ಅಂತ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ್ದ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀವ್ರ ಗಾಯವಾದಾಗಲೂ ಸಾಧ್ಯವಾದಷ್ಟು ಅದೇ ದಾರಿ.

ನನ್ನ ವರದಿಯನ್ನು ಮಾತ್ರ ಆ ರಾತ್ರಿಯೇ ನಾನೇ ಕೂತು ಬರೆದೆ. ರೈಟರ್ ಹಳೇ ಕೇಸಿನ ನಮೂನೆ ಮುಂದಿಟ್ಟರು. "ಆತ್ಮರಕ್ಷಣೆಗಾಗಿ ಅನಿವಾರ್ಯವಾಗಿ" ಅಂತ ಶುರುವಾಗುವ ಸಾಲು ಅದು. ಬೇಡ ಅಂದೆ. ಆ ಮಾತು ಎಲ್ಲ ಕೇಸಿಗೂ ಹೊಂದುತ್ತದೆ, ಅದಕ್ಕೇ ಯಾವ ಕೇಸನ್ನೂ ಹೇಳುವುದಿಲ್ಲ. ಅವನು ಎಷ್ಟು ದೂರದಲ್ಲಿದ್ದ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಅವನ ಹಿಂದೆ ಯಾರೂ ಇಲ್ಲ ಅಂತ ನನಗೆ ಹೇಗೆ ಗೊತ್ತಾಯಿತು, ಎಲ್ಲ ಬರೆದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 46ನೇ ಕಲಂ, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್ ಕಾಯ್ದೆಯ 43, ಬಂಧನಕ್ಕೆ ಅಗತ್ಯವಿರುವ ಬಲ ಬಳಸಲು ಬಿಡುತ್ತದೆ. ಆ ಅಗತ್ಯ ಏನಿತ್ತು ಅಂತ ತೋರಿಸುವ ಹೊಣೆ ನಮ್ಮದು.

ಮೇಲಕ್ಕೆ ಹಾರಿಸಿದ ಗುಂಡಿಗೂ ಅಷ್ಟೇ ಜಾಗ ಕೊಟ್ಟೆ. ಯಾರಿಗೂ ತಾಗಲಿಲ್ಲ ಅಂತ ಸುಮ್ನೆ ಮುಗಿಸುವವರೇ ಜಾಸ್ತಿ. ಮೇಲೆ ಹೋದದ್ದು ಎಲ್ಲೋ ಬೀಳಲೇಬೇಕು, ಅಲ್ವಾ? ಮುಂದೆ ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಹಿಡಿದದ್ದು ಅದನ್ನೇ. ಯಾವ ದಿಕ್ಕಿಗೆ ಹಾರಿಸಿದಿರಿ, ಆ ಕಡೆ ಮನೆ ಇತ್ತಾ ಅಂತ ಕೇಳಿದರು. ಪಶ್ಚಿಮಕ್ಕೆ, ಆ ಕಡೆ ಹೊಲ ಬಿಟ್ಟರೆ ಮನೆಗಳಿಲ್ಲ ಅಂತ ವರದಿಯಲ್ಲಿತ್ತು. ಅದನ್ನೇ ಹೇಳಿದೆ.